ಬ್ಯಾಂಡ್ ಸಮಿತಿಯ ಲೆಕ್ಕ ಬರೆದುಕೊಟ್ಟ ಬಸವನಗುಡಿಯ ಕಚೇರಿ

ಮಗಳ ಶಾಲೆಯ ಬ್ಯಾಂಡಿಗೆ ನೆರವಾಗಲೆಂದು ಪೋಷಕರೇ ಕಟ್ಟಿಕೊಂಡ ಸಮಿತಿಯ ಖಜಾಂಚಿ ಕೆಲಸ 2024ರಲ್ಲಿ ನನ್ನ ಹೆಗಲಿಗೆ ಬಿದ್ದಾಗ, ಹಿಂದಿನವರು ಒಪ್ಪಿಸಿದ್ದು ಒಂದು ಬೂಟಿನ ಡಬ್ಬ. ಡ್ರಮ್ ರಿಪೇರಿ, ಸಮವಸ್ತ್ರದ ಹೊಲಿಗೆ, ಜನವರಿ 26ರ ತಾಲೀಮಿಗೆಂದು ಮಾಣೆಕ್ ಷಾ ಪರೇಡ್ ಮೈದಾನಕ್ಕೆ ಹೋದ ಬಸ್ಸಿನ ಬಾಡಿಗೆ, ಎಲ್ಲದರ ಬಿಲ್ಲುಗಳೂ ಅದರಲ್ಲಿದ್ದವು. ಅರ್ಧಕ್ಕರ್ಧ ಥರ್ಮಲ್ ಕಾಗದದವಾದ್ದರಿಂದ ಅಕ್ಷರ ಅಳಿಸಿಹೋಗಿ ಬರೀ ಬಿಳಿ ಚೀಟಿಗಳಾಗಿದ್ದವು. ಯುಪಿಐ ಮೂಲಕ ಬಂದ ವಂತಿಗೆಯೋ, ಒಬ್ಬ ಪೋಷಕರ ಸ್ವಂತ ಉಳಿತಾಯ ಖಾತೆಯಲ್ಲಿ ಅವರ ಮನೆಯ ಹಾಲು, ಕರೆಂಟಿನ ಬಾಬ್ತುಗಳ ಜೊತೆ ಕಲಸಿಹೋಗಿತ್ತು.

ಈ ಗೋಜಲನ್ನು ಬಿಡಿಸಲು ಬಸವನಗುಡಿಯ ಒಂದು ಸಣ್ಣ ಆಡಿಟರ್ ಕಚೇರಿಯ ಮೊರೆಹೋದೆವು. ಅಲ್ಲಿನ ಹಿರಿಯ ಗುಮಾಸ್ತರು ಮೊದಲು ಮಾಡಿದ ಕೆಲಸವೆಂದರೆ, ತಂದೆತಾಯಿ ತಮ್ಮ ಮಗುವಿನ ಸಮವಸ್ತ್ರಕ್ಕೆ ಕೊಟ್ಟ ಹಣವನ್ನೂ ಇಡೀ ಬ್ಯಾಂಡಿಗೆಂದು ಕೊಟ್ಟ ಹಣವನ್ನೂ ಬೇರೆ ಬೇರೆ ಬಾಬಿನಲ್ಲಿ ಬರೆಸಿದ್ದು; ಮೊದಲನೆಯದು ದೇಣಿಗೆಯೇ ಅಲ್ಲವೆಂಬುದು ನಮಗೆ ಹೊಳೆದೇ ಇರಲಿಲ್ಲ. ತಾಲೀಮಿನ ಬೆಳಗಿನ ಇಡ್ಲಿ-ವಡೆಗೆ ಬಿಲ್ ಇಲ್ಲದಿದ್ದರೆ ಇಬ್ಬರು ಸಹಿ ಹಾಕಿದ ವೋಚರ್ ಇರಲೇಬೇಕೆಂದರು. ಬಳಿಕ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ, ಕನಿಷ್ಠ ಬೇಕಾದ ಏಳು ಮಂದಿಯ ಸಹಿಯೊಂದಿಗೆ ನಮ್ಮ ಸಂಘವನ್ನು ನೋಂದಾಯಿಸಿ, ಅದರದೇ ಪ್ಯಾನ್ ಮತ್ತು ಜಂಟಿ ಸಹಿಯ ಬ್ಯಾಂಕ್ ಖಾತೆ ಮಾಡಿಸಿಕೊಟ್ಟರು.

ನನಗೆ ತುಂಬ ಹಿಡಿಸಿದ್ದು ಅವರ ನೇರ ಮಾತು. ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆಯನ್ನೂ ಪಡೆಯೋಣವೆಂದು ನಾವೇ ಆತುರಪಟ್ಟಾಗ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗಳಿಗೆ ಆ ವಿನಾಯಿತಿ ಸಿಗದು, ಹಳೆಯದರಲ್ಲಿ ಉಳಿದವರಿಗೂ 2,000 ರೂಪಾಯಿ ಮೀರಿದ ನಗದಿಗೆ ಸಿಗದು, ಮೊದಲು ನಿಮ್ಮ ದಾನಿಗಳಲ್ಲಿ ಯಾರು ಯಾವ ಪದ್ಧತಿಯಲ್ಲಿದ್ದಾರೆಂದು ವಿಚಾರಿಸಿ ಬನ್ನಿ ಎಂದು ವಾಪಸು ಕಳಿಸಿದರು. ತಮ್ಮ ಶುಲ್ಕಕ್ಕೇ ಕತ್ತರಿ ಬೀಳುವಂಥ ಸಲಹೆಯಿದು.

ಕೊರತೆಯಿಲ್ಲವೆಂದಲ್ಲ. ನೋಂದಣಿ ಕಚೇರಿಯ ಓಡಾಟಕ್ಕೆ ಪ್ರತ್ಯೇಕ ಶುಲ್ಕವಿದೆಯೆಂದು ತಿಳಿದದ್ದು ಕೊನೆಯ ಬಿಲ್ ಕೈಗೆ ಬಂದಾಗ. ಆಡಿಟ್ ಗಡಿಬಿಡಿಯ ಸೆಪ್ಟೆಂಬರಿನಲ್ಲಿ ಫೋನ್ ಎತ್ತುವವರೇ ಇರಲಿಲ್ಲ. ನಮ್ಮ ಲೆಕ್ಕವನ್ನೂ ಬ್ಯಾಂಕಿನ ಲೆಕ್ಕವನ್ನೂ ಹೋಲಿಸುವ ತಾಳೆಪಟ್ಟಿಗಾಗಿ ನಾನೇ ಮೂರು ಸಲ ಮೆಟ್ಟಿಲು ಹತ್ತಿದೆ. ಶುಲ್ಕದ ವಿವರವನ್ನು ಮುಂಚೆಯೇ ಬರೆಸಿಕೊಂಡು, ಜೂನ್ ಒಳಗೆ ಕಾಗದಪತ್ರ ಒಪ್ಪಿಸಬಲ್ಲ ಸಮಿತಿಗಳು ಇಲ್ಲಿಗೆ ಧಾರಾಳವಾಗಿ ಹೋಗಬಹುದು. ಬಿಲ್ಲುಗಳನ್ನು ಮಾತ್ರ ಅಂದಂದೇ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ.