ಕಿಗಾಲಿಯ ‘ಕಾರ್ ಫ್ರೀ ಡೇ’: ಹೋಗಬಹುದಾ?

ಟೆನಿಸ್, ಬ್ಯಾಸ್ಕೆಟ್‌ಬಾಲ್ ಹುಚ್ಚಿನ ರುವಾಂಡಾ ಅಧ್ಯಕ್ಷ ಪಾಲ್ ಕಗಾಮೆ ಕೆಲವೊಮ್ಮೆ ಜನರ ನಡುವೆ ತಾವೇ ಬೆವರು ಸುರಿಸಲು ಬರುವ ಕಾರ್ಯಕ್ರಮವಿದು. ರಾಜಧಾನಿ ಕಿಗಾಲಿಯಲ್ಲಿ 2016ರಲ್ಲಿ ಶುರುವಾಯಿತು. ತಿಂಗಳ ಮೊದಲ ಮತ್ತು ಮೂರನೇ ಭಾನುವಾರ, ಬೆಳಿಗ್ಗೆ 7ರಿಂದ 10ರವರೆಗೆ ಆಯ್ದ ಮುಖ್ಯರಸ್ತೆಗಳಲ್ಲಿ ವಾಹನ ಬಂದ್, ಜನ ಅಲ್ಲಿ ಓಡಬಹುದು, ನಡೆಯಬಹುದು, ಸೈಕಲ್ ತುಳಿಯಬಹುದು. ಶುಲ್ಕವಿಲ್ಲ.

ಇಲ್ಲಿ ಎಡವುವುದು ಏರಿನಲ್ಲಿ. ಕಿಗಾಲಿ ಬೆಟ್ಟಗಳ ಊರು, ಎತ್ತರ ಸುಮಾರು 1,500 ಮೀಟರ್. ಬೆಂಗಳೂರಿಗಿಂತ ಹೆಚ್ಚುಕಮ್ಮಿ 600 ಮೀಟರ್ ಮೇಲೆ. ಇಳಿಜಾರಿನ ಖುಷಿಯಲ್ಲಿ ದೂರ ಓಡಿಬಿಟ್ಟರೆ, 9 ಗಂಟೆಯ ಬಿಸಿಲಲ್ಲಿ ಅದೇ ದಿಣ್ಣೆ ಹತ್ತಿ ವಾಪಸ್ ಬರಬೇಕು, ಏದುಸಿರು ಗ್ಯಾರಂಟಿ. ಮೊದಲು ಏರು, ಆಮೇಲೆ ಇಳಿತ ಎಂದು ದಾರಿ ಆರಿಸಿಕೊಳ್ಳಿ.

ಬಿಪಿ, ಶುಗರ್ ತಪಾಸಣೆಯೂ ಪುಕ್ಕಟೆ. ಓಡಿದ ಮೇಲಲ್ಲ, ಮೊದಲೇ ಮಾಡಿಸಿ: ಐದು ನಿಮಿಷ ಸುಮ್ಮನೆ ಕೂತು ತೋಳು ಚಾಚಿ. ದಣಿದು ಬಂದವರ ಬಿಪಿ ಏರಿಯೇ ಇರುತ್ತದೆ, ಸುಮ್ಮನೆ ಗಾಬರಿ. ಶುಗರ್‌ಗೆ ತಿಂಡಿಗಿಂತ ಮುಂಚೆ ಹೋಗುವುದು ವಾಸಿ.

ಕಿಗಾಲಿಯಲ್ಲಿ 2019ರಲ್ಲಿ 10,000 ಆಸನಗಳ ಅರೀನಾ (ಒಳಾಂಗಣ ಕ್ರೀಡಾಂಗಣ), 2025ರಲ್ಲಿ ಆಫ್ರಿಕಾದ ಮೊದಲ ವಿಶ್ವ ರೋಡ್ ಸೈಕ್ಲಿಂಗ್ ಚಾಂಪಿಯನ್‌ಶಿಪ್: ದೊರೆಯ ಒಲವಿಗೆ ಖಜಾನೆಯೂ ಒಲಿದಿದೆ. ಕಗಾಮೆ ಆಳ್ವಿಕೆಯ ಬಿಗಿಯನ್ನು ಟೀಕಿಸುವವರು ಇದನ್ನು ಕ್ರೀಡೆಯ ನೆಪದಲ್ಲಿ ಕೆಟ್ಟ ಹೆಸರು ತೊಳೆದುಕೊಳ್ಳುವ ಆಟ ಎನ್ನುತ್ತಾರೆ. ಆ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಅರೀನಾಕ್ಕೆ ಟಿಕೆಟ್ ಬೇಕು, ಈ ರಸ್ತೆಗೆ ಶೂ ಇದ್ದರೆ ಸಾಕು. ನಮ್ಮ ಅಂಕ: ಐದಕ್ಕೆ ನಾಲ್ಕು. ಮೂರೇ ಗಂಟೆಗೆ ಮುಗಿಸುವುದಕ್ಕೆ ಒಂದು ಕಡಿತ.