ಮಿಷನ್ ಆಸ್ಪತ್ರೆಯಲ್ಲಿ ಪಿಜಿ ಮಾಡಬಹುದಾ? ಆಪ್ಷನ್ ಲಾಕ್ ಮಾಡುವ ಮೊದಲು ಓದಿ

ಎಂಬಿಬಿಎಸ್ ನಂತರದ ಪಿಜಿ ಸೀಟಿಗೆ ಬರೆಯುವ ನೀಟ್ ಪಿಜಿ ಪರೀಕ್ಷೆಯ ರ‍್ಯಾಂಕ್ ಬಂದ ಕೂಡಲೇ ಜೂನಿಯರ್‌ಗಳು ಫೋನ್ ಮಾಡುತ್ತಾರೆ. "ಅಕ್ಕಾ, ಸೀಟಿನ ಲಿಸ್ಟಿಗೆ ಮಿಷನ್ ಆಸ್ಪತ್ರೆ ಹಾಕಬಹುದಾ? ಅಲ್ಲಿ ದಿನಾ ಪ್ರಾರ್ಥನೆಗೆ ಹೋಗಬೇಕಂತೆ, ಹೌದಾ?" ನಾನು ಬೆಂಗಳೂರಿನ ಒಂದು ಕ್ಯಾಥೊಲಿಕ್ ಆಸ್ಪತ್ರೆಯಲ್ಲಿ ಒಬಿಜಿ (ಹೆರಿಗೆ ಮತ್ತು ಸ್ತ್ರೀರೋಗ) ಪಿಜಿ ಮುಗಿಸಿದವಳು. ಹೆಸರು ಹೇಳುವುದಿಲ್ಲ. ಪ್ರಾರ್ಥನೆ ವಿಷಯ ಬೇಗ ಮುಗಿಸಿಬಿಡುತ್ತೇನೆ: ಚಾಪೆಲ್ ಇತ್ತು, ಬೆಳಿಗ್ಗೆ ಸ್ಪೀಕರ್‌ನಲ್ಲಿ ಸ್ವಲ್ಪ ಹೊತ್ತು ಪ್ರಾರ್ಥನೆ ಕೇಳಿಸುತ್ತಿತ್ತು, ಬಾ ಅಂತ ಯಾರೂ ಒತ್ತಾಯ ಮಾಡಲಿಲ್ಲ. ಆದರೆ ಯಾರೂ ಕೇಳದ ಪ್ರಶ್ನೆ ಬೇರೆ ಇದೆ. ಆ ಆಸ್ಪತ್ರೆ ಯಾವ ಕೆಲಸ ಮಾಡುವುದಿಲ್ಲ, ಅದರಿಂದ ಮೂರು ವರ್ಷ ಆದ ಮೇಲೂ ನಿಮ್ಮ ಕೈಗೆ ಯಾವುದು ಬಂದಿರುವುದಿಲ್ಲ?

ನಮ್ಮೂರಲ್ಲಿ ಇಂಥ ಆಸ್ಪತ್ರೆಗಳು ಸಾಕಷ್ಟಿವೆ. ಕೋರಮಂಗಲದ ಸೇಂಟ್ ಜಾನ್ಸ್ 1963ರಲ್ಲಿ ಶುರುವಾದ ಕ್ಯಾಥೊಲಿಕ್ ಮೆಡಿಕಲ್ ಕಾಲೇಜು, ಅಲ್ಲಿರುವುದು ಎಂಡಿ, ಎಂಎಸ್ ಸೀಟುಗಳು. ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ 1886ರಿಂದ ಇದೆ, ಗುಡ್ ಶೆಫರ್ಡ್ ಸಿಸ್ಟರ್‌ಗಳು ಕಟ್ಟಿದ್ದು. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರದ್ದು. ಇವೆರಡರಲ್ಲಿ ಡಿಎನ್‌ಬಿ, ಅಂದರೆ ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಪಿಜಿ ಡಿಗ್ರಿ, ಇದೆ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ 2001ರಲ್ಲಿ ಶುರುವಾಯಿತು, ಅಲ್ಲಿ ರೋಗಿಗಳಿಗೆ ಬಿಲ್ಲೇ ಇಲ್ಲ. ಎಲ್ಲವನ್ನೂ "ಮಿಷನ್" ಅಂತ ಒಂದೇ ಚೀಲಕ್ಕೆ ಹಾಕಬೇಡಿ. ಕ್ಯಾಥೊಲಿಕ್ ಚರ್ಚು ಗರ್ಭಪಾತವನ್ನು ಒಪ್ಪುವುದಿಲ್ಲ, ಅದರ ಜೊತೆಗೆ 1968ರಲ್ಲಿ ಪೋಪ್ ಆರನೇ ಪಾಲ್ ಹೊರಡಿಸಿದ ಪತ್ರದಲ್ಲಿ ಮಾತ್ರೆ, ಆಪರೇಷನ್ ಥರದ ಗರ್ಭನಿರೋಧವೂ ಬೇಡ ಅಂತ ಹೇಳಿದೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚಿನವು ಗರ್ಭನಿರೋಧಕ್ಕೆ ಅಡ್ಡಿ ಮಾಡುವುದಿಲ್ಲ. ಬೇರೆ ಬ್ರಾಂಚಿನವರಿಗೆ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಒಬಿಜಿ ತಗೊಳ್ಳುವವರಿಗೆ ನಡೆಯುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಎರಡನೇ ಸಿಸೇರಿಯನ್‌ಗೆ ಬಂದ ಹೆಂಗಸು ಥಿಯೇಟರಿಗೆ ಹೋಗುವ ಮೊದಲು ಕೈ ಹಿಡಿದು ಕೇಳುತ್ತಾಳೆ, "ಡಾಕ್ಟ್ರೇ, ಎರಡು ಮಕ್ಕಳು ಸಾಕು, ಇದರ ಜೊತೆ ಆಪರೇಷನ್ನೂ ಮಾಡ್ಬಿಡಿ." ಹೊಟ್ಟೆ ಹೇಗೂ ತೆರೆದಿರುತ್ತದೆ, ಟ್ಯೂಬು ಕಣ್ಣೆದುರೇ ಇರುತ್ತದೆ, ಕೆಲವೇ ನಿಮಿಷಗಳ ಕೆಲಸ. ನಾನು "ಇಲ್ಲಿ ಮಾಡಲ್ಲಮ್ಮ" ಅನ್ನಬೇಕಿತ್ತು. ಅವಳು ಮನೆಗೆ ಹೋಗಿ, ಕೂಸನ್ನು ಯಾರ ಕೈಗೋ ಕೊಟ್ಟು, ಸರ್ಕಾರಿ ವಾಣಿವಿಲಾಸಕ್ಕೋ ಘೋಷಾ ಆಸ್ಪತ್ರೆಗೋ ಹೋಗಿ ಮತ್ತೊಮ್ಮೆ ಅನಸ್ತೇಷಿಯಾ ತಗೊಂಡು, ಮತ್ತೊಂದು ಗಾಯ ಮಾಡಿಸಿಕೊಳ್ಳಬೇಕು. ಎಷ್ಟೋ ಜನ ಹೋಗುವುದೇ ಇಲ್ಲ, ಮೂರನೇ ಬಸಿರು ಹೊತ್ತು ವಾಪಸ್ ಬರುತ್ತಾರೆ, ಎರಡು ಸಲ ಕೊಯ್ದ ಗರ್ಭಕೋಶದ ಮೇಲೆ. ಆಗ ಮಾಸು ಹಳೆ ಗಾಯಕ್ಕೆ ಅಂಟಿಕೊಂಡಿದ್ದರೆ ಆಗುವ ರಕ್ತಸ್ರಾವ ಎಂಥದ್ದು ಅಂತ ಲೇಬರ್ ರೂಂನಲ್ಲಿ ನಿಂತವರಿಗೆ ಗೊತ್ತು. ನನಗೆ ಆಸ್ಪತ್ರೆಯ ನಂಬಿಕೆ ಮೇಲೆ ಗೌರವ ಇದೆ. ಆದರೆ ಆ ನಂಬಿಕೆಯ ಖರ್ಚನ್ನು ಯಾರ ಮೈ ತುಂಬಿಕೊಡುತ್ತದೆ ಅನ್ನುವುದನ್ನೂ ಹೇಳಲೇಬೇಕು ಅಲ್ವಾ?

ಇನ್ನು ಕಲಿಕೆ. ಸೇರುವಾಗ "ಕುಟುಂಬ ಯೋಜನೆಗೆ ಹೊರಗಡೆ ಪೋಸ್ಟಿಂಗ್ ಕೊಡುತ್ತೇವೆ" ಅಂದಿದ್ದರು. ಕೊಟ್ಟರು, ಆದರೆ ಆ ಆಸ್ಪತ್ರೆಯಲ್ಲಿ ಅವರದೇ ಪಿಜಿಗಳು ಸಾಲಾಗಿ ನಿಂತಿರುವಾಗ ಹೊರಗಿನಿಂದ ಬಂದವಳ ಕೈಗೆ ಉಪಕರಣ ಯಾರು ಕೊಡುತ್ತಾರೆ? ದೂರದಿಂದ ನೋಡಿ ಬಂದೆ. ಮಿನಿಲ್ಯಾಪ್ (ಸಣ್ಣ ಗಾಯ ಮಾಡಿ ಟ್ಯೂಬ್ ಕಟ್ಟುವ ಆಪರೇಷನ್) ಕಲಿತದ್ದು ಪಿಜಿ ಮುಗಿದ ಮೇಲೆ, ಸರ್ಕಾರಿ ಆಸ್ಪತ್ರೆಯಲ್ಲಿ ಸೀನಿಯರ್ ರೆಸಿಡೆಂಟ್ ಆಗಿ ಸೇರಿಕೊಂಡಾಗ, ನನಗಿಂತ ಚಿಕ್ಕವರ ಪಕ್ಕ ನಿಂತು.

ಇದರಲ್ಲಿ ಕಾನೂನಿನ ಒಂದು ಮಾತಿದೆ, ಗಮನ ಕೊಡಿ. ಎಂಟಿಪಿ ಕಾಯ್ದೆ, ಅಂದರೆ ಗರ್ಭಪಾತದ ಕಾಯ್ದೆ, 1971ರದ್ದು. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದ ಹೆಂಗಸರಿಗೆ ಇಬ್ಬರ ಅಭಿಪ್ರಾಯದ ಮೇಲೆ 24 ವಾರದವರೆಗೂ ಅವಕಾಶ ಇದೆ. ಒಬಿಜಿಯಲ್ಲಿ ಬೇರೆ ಅನುಭವ ಇಲ್ಲದ, ಬರೀ ಎಂಬಿಬಿಎಸ್ ಆದವರು 12 ವಾರದವರೆಗಿನ ಎಂಟಿಪಿ ಮಾಡಬೇಕಾದರೆ 25 ಕೇಸುಗಳಲ್ಲಿ ನೆರವಾಗಿರಬೇಕು, ಅದರಲ್ಲಿ ಐದನ್ನಾದರೂ ತಾವೇ ಮಾಡಿರಬೇಕು. ಒಬಿಜಿ ಪಿಜಿ ಆದವರಿಗೆ ಇಂಥ ಲೆಕ್ಕ ಇಲ್ಲ, ಡಿಗ್ರಿಯೇ ಅರ್ಹತೆ. ಅಂದರೆ ಒಂದು ಕೇಸೂ ಮಾಡದೆ ಹೊರಬಂದರೂ ಕಾಗದದ ಮೇಲೆ ನೀವು ಪೂರ್ತಿ ಅರ್ಹರು. ನಾಳೆ ತಾಲೂಕು ಆಸ್ಪತ್ರೆಯಲ್ಲಿ ನೀವೊಬ್ಬರೇ ಸ್ತ್ರೀರೋಗ ತಜ್ಞೆ ಆದಾಗ ಎದುರಿಗೆ ಬರುವ ಹುಡುಗಿಗೆ ಈ ಕೊರತೆ ಗೊತ್ತಾಗುವ ದಾರಿಯೇ ಇಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇದೇ.

ತುರ್ತು ಕೇಸಿನ ಬಗ್ಗೆಯೂ ಕೇಳಿಕೊಳ್ಳಿ. ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪಿರಬೇಕು. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ, 17 ವಾರದ ಬಸಿರು ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೂ ಮಗುವಿನ ಎದೆಬಡಿತ ಇದೆ ಅಂತ ಕಾದರು, ನಂಜೇರಿ ತೀರಿಕೊಂಡರು. ಅದು ಚರ್ಚಿನ ಆಸ್ಪತ್ರೆಯಲ್ಲ, ಅಲ್ಲಿನ ಕಾನೂನೇ ಹಾಗಿತ್ತು, 2018ರ ಜನಮತದ ನಂತರ ಬದಲಾಯಿತು. ನಮ್ಮ ಕಾಯ್ದೆಯ 5ನೇ ಕಲಂ ತಾಯಿಯ ಜೀವ ಉಳಿಸಲು ತಕ್ಷಣ ಬೇಕಾದರೆ ವಾರದ ಮಿತಿಯನ್ನೇ ತೆಗೆದುಹಾಕುತ್ತದೆ. ನಾನಿದ್ದ ಕಡೆ ಎಕ್ಟೋಪಿಕ್‌ಗೆ (ಗರ್ಭಕೋಶದ ಹೊರಗೆ, ಟ್ಯೂಬಿನಲ್ಲಿ ನಿಂತ ಬಸಿರಿಗೆ) ಟ್ಯೂಬ್ ತೆಗೆಯಲು ಯಾರೂ ತಡಮಾಡಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಅಂಥ ಬಸಿರನ್ನು ಆಪರೇಷನ್ ಇಲ್ಲದೆ ಔಷಧಿಯಿಂದ ನಿಲ್ಲಿಸುವ ಮೆಥೊಟ್ರೆಕ್ಸೇಟ್ ವಿಷಯದಲ್ಲಿ ಮಾತ್ರ ಕ್ಯಾಥೊಲಿಕ್ ಪಂಡಿತರಲ್ಲೇ ಎರಡು ಅಭಿಪ್ರಾಯ ಇದೆ. 17 ವಾರಕ್ಕೆ ನೀರು ಹೋಗಿ ಜ್ವರ ಬಂದರೆ ಇಲ್ಲಿ ಏನು ಮಾಡುತ್ತಾರೆ, ರಾತ್ರಿ ಎರಡು ಗಂಟೆಗೆ ಯಾರ ಅನುಮತಿ ಬೇಕು, ಇದನ್ನು ನೇರವಾಗಿ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೂ ಮೆಡಿಸಿನ್, ಪೀಡಿಯಾಟ್ರಿಕ್ಸ್, ಅನಸ್ತೇಷಿಯಾ, ಫ್ಯಾಮಿಲಿ ಮೆಡಿಸಿನ್ ಕೇಳುವವರಿಗೆ ಕಣ್ಣುಮುಚ್ಚಿ ಹೋಗಿ ಅನ್ನುತ್ತೇನೆ. ಬಡವರ ಬಿಲ್ ಕಡಿಮೆ ಮಾಡಿಸುವುದು ಅಲ್ಲಿ ಪಿಜಿಯ ಕೆಲಸದ ಭಾಗವೇ ಆಗಿರುತ್ತದೆ. ಸೋಷಿಯಲ್ ವರ್ಕರ್ ಹತ್ತಿರ ಕೂತು, ಈ ಟೆಸ್ಟ್ ನಿಜಕ್ಕೂ ಬೇಕಾ ಅಂತ ಯೋಚಿಸಿ ಬರೆಯುವ ಅಭ್ಯಾಸ ಬರುತ್ತದೆ. ಬ್ಯಾಪ್ಟಿಸ್ಟ್‌ನ ತಂಡ ಕೊನೆ ದಿನಗಳ ರೋಗಿಗಳನ್ನು ಮನೆಗೇ ಹೋಗಿ ನೋಡುತ್ತದೆ, ಅಂಥದ್ದನ್ನು ಕಾರ್ಪೊರೇಟ್ ಆಸ್ಪತ್ರೆಯ ಪಿಜಿ ನೋಡುವುದು ಕಷ್ಟ. ನಮ್ಮಲ್ಲೂ ವೆಂಟಿಲೇಟರ್ ಮುಂದುವರಿಸಬೇಕಾ ಬೇಡವಾ ಅನ್ನುವ ಮಾತು ಬಂದಾಗ ಕನ್ಸಲ್ಟೆಂಟ್ ಮನೆಯವರ ಜೊತೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಪ್ರಾಣ ತೆಗೆಯುವುದು ತಪ್ಪು, ಹಾಗಂತ ಸಾವನ್ನು ಹಿಂಸೆಯಿಂದ ಎಳೆಯಬೇಕಿಲ್ಲ ಅನ್ನುವುದು ಕ್ಯಾಥೊಲಿಕ್ ಬೋಧನೆಯಲ್ಲೂ ಇದೆ, ಸುಪ್ರೀಂ ಕೋರ್ಟಿನ 2018ರ ತೀರ್ಪಿನಲ್ಲೂ ಇದೆ. ಆ ಮಾತುಗಳನ್ನು ಹೇಗೆ ಆಡಬೇಕು ಅಂತ ನಾನು ಕಲಿತದ್ದು ಅಲ್ಲೇ. ಇವತ್ತಿಗೂ ಅದೇ ನನ್ನ ಕೈ ಹಿಡಿಯುತ್ತದೆ.

ಉಳಿದ ಚಿಲ್ಲರೆ ವಿಷಯಗಳು. ಅಲ್ಪಸಂಖ್ಯಾತ ಸಂಸ್ಥೆ ಆದರೂ ನೀಟ್ ತಪ್ಪುವುದಿಲ್ಲ, 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆ ಸಮುದಾಯದವರಿಗೆ ಕೋಟಾ ಇರುತ್ತದೆ, ಹಾಗಾಗಿ ಜನರಲ್ ಸೀಟು ಎಷ್ಟಿದೆ ಅಂತ ಕೌನ್ಸೆಲಿಂಗ್‌ನ ಸೀಟು ಪಟ್ಟಿಯಲ್ಲಿ (ಮ್ಯಾಟ್ರಿಕ್ಸ್) ನೋಡಿಕೊಳ್ಳಿ. ಡಿಎನ್‌ಬಿ ಆದರೆ ಬೆಡ್ ಸಂಖ್ಯೆ ಕೇಳಿ. ಮೆಡಿಕಲ್ ಕಾಲೇಜು ಇಲ್ಲದ, 500 ಹಾಸಿಗೆಗಿಂತ ಕಡಿಮೆ ಇರುವ ಆಸ್ಪತ್ರೆಯಲ್ಲಿ ಡಿಎನ್‌ಬಿ ಮಾಡಿದರೆ, ಮುಂದೆ ಟೀಚಿಂಗ್‌ಗೆ ಹೋಗಲು ಟೀಚಿಂಗ್ ಆಸ್ಪತ್ರೆಯಲ್ಲಿ ಇನ್ನೊಂದು ವರ್ಷ ಸೀನಿಯರ್ ರೆಸಿಡೆನ್ಸಿ ಬೇಕಾಗುತ್ತದೆ. ಮುಗಿದ ಮೇಲೆ ಅಲ್ಲೇ ಕೆಲಸ ಮಾಡಬೇಕು ಅನ್ನುವ ಬಾಂಡ್ ಇದೆಯಾ, ಸ್ಟೈಪೆಂಡ್ ತಿಂಗಳು ತಿಂಗಳು ಬರುತ್ತದೆಯಾ, ಕೇಳಿ. ಡ್ಯೂಟಿ ಎಲ್ಲ ಕಡೆ ಇದ್ದ ಹಾಗೇ ಇಲ್ಲೂ. ಸೇವೆ ಅನ್ನುವ ಮಾತು ಹೇಳಿ ರಜೆ ಕಸಿಯುವ ಯೂನಿಟ್‌ಗಳಿವೆ, ಅದು ಸರಿಯಲ್ಲ. ಪಿಜಿಗೂ ನಿದ್ದೆ ಬೇಕು.

ಒಬಿಜಿಗೆ ಹೋಗಲೇಬೇಕು ಅಂತಿದ್ದರೆ, ಡಿಪಾರ್ಟ್‌ಮೆಂಟ್ ಹೆಡ್ ಹತ್ತಿರ ಕೇಳಿ ಸುಮ್ನೆ ಬರಬೇಡಿ. ಮಧ್ಯಾಹ್ನ ಕ್ಯಾಂಟೀನ್‌ನಲ್ಲಿ ಮೂರನೇ ವರ್ಷದ ಪಿಜಿಯನ್ನು ಹುಡುಕಿ, ಒಂದು ಕಾಫಿ ಕೊಡಿಸಿ, ಲಾಗ್‌ಬುಕ್ ತೋರಿಸ್ತೀರಾ ಅಂತ ಕೇಳಿ. ಟ್ಯೂಬೆಕ್ಟಮಿ, ಕಾಪರ್ ಟಿ, ಎಂಟಿಪಿ ಎಷ್ಟು ನೋಡಿದ್ದಾರೆ, ಎಷ್ಟನ್ನು ತಾವೇ ಮಾಡಿದ್ದಾರೆ ಅಂತ ಅದರಲ್ಲಿ ಬರೆದಿರುತ್ತದೆ. "ತಾವೇ ಮಾಡಿದ್ದು" ಅನ್ನುವ ಕಾಲಂ ಖಾಲಿ ಇದ್ದರೆ ಆ ಸೀಟನ್ನು ಲಿಸ್ಟಿನಲ್ಲಿ ಕೆಳಗೆ ಇಳಿಸಿ.