ಕೋವಿಗೆ ಮನೆಯಲ್ಲೇ ಬಣ್ಣ ಹಾಕುವ ಬಾಟಲಿಯನ್ನು ದಯವಿಟ್ಟು ಯಾರೂ ಕೊಳ್ಳಬೇಡಿ

ಹಂದಿ, ಮಂಗಗಳ ಕಾಟಕ್ಕೆಂದು ಲೈಸನ್ಸ್ ಕೋವಿ ಇಟ್ಟುಕೊಂಡಿರುವ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೃಷಿಕರೆಲ್ಲರೂ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಹಳೆಯ ಕೋವಿಯನ್ನು ಹತ್ತೇ ನಿಮಿಷದಲ್ಲಿ ಹೊಸದಾಗಿಸುವುದಾಗಿ ಮೊಬೈಲಿನಲ್ಲಿ ಜಾಹೀರಾತು ಹಾಕಿ ಮಾರುತ್ತಿರುವ ದ್ರಾವಣ ಶುದ್ಧ ಮೋಸ.

2024ರ ಲೋಕಸಭಾ ಚುನಾವಣೆಗೆ ಎಲ್ಲರಂತೆ ನಾನೂ ತಂದೆಯವರ ಕಾಲದ ಜೋಡುನಳಿಗೆ ಕೋವಿಯನ್ನು ಠಾಣೆಯಲ್ಲಿ ಇಟ್ಟಿದ್ದೆ. ಅದು ಕೈಗೆ ಮರಳುವಾಗ ಮಳೆಗಾಲ ಹಿಡಿದಿತ್ತು, ನಳಿಗೆಯ ಮೇಲೆ ಅಲ್ಲಲ್ಲಿ ತುಕ್ಕು ಎದ್ದಿತ್ತು. ಮಾರಾಟಗಾರನಿಗೆ ಫೋಟೋ ಕಳುಹಿಸಿ, ಕೋವಿ ಹಳೆಯದು, ನಮ್ಮದು ವಿಪರೀತ ಮಳೆಯ ಊರು ಎಂದು ಮೊದಲೇ ತಿಳಿಸಿದ್ದೆ. "ಧೈರ್ಯವಾಗಿ ಮಾಡಿ ಸರ್, ಕಂಪೆನಿಯ ಬಣ್ಣವೇ ಬರುತ್ತದೆ, ಹಳೆಯದು ಪೂರ್ತಿ ಹೋಗುವವರೆಗೆ ಎಮರಿ ಕಾಗದದಿಂದ ಉಜ್ಜಿ" ಎಂಬ ಉತ್ತರ ಬಂತು. ಪೂರ್ತಿ ಹೋಗುವವರೆಗೆ ಉಜ್ಜಿ ಎಂದವನು ಆತನೇ.

ಆತ ಹೇಳಿದಂತೆಯೇ ಉಜ್ಜಿ, ಎಣ್ಣೆಯ ಜಿಡ್ಡು ತೆಗೆದು, ಹಚ್ಚಿದೆ. ಸಂಜೆಗೆ ನಳಿಗೆ ಕಡುನೀಲಿಯಾಗಿ ಹೊಳೆಯುತ್ತಿತ್ತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ತೋಟಕ್ಕೆ ಒಯ್ದು ತಂದ ಮರುದಿನ ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯೇ ಕಪ್ಪಾಯಿತು. ಕೈ ಹಿಡಿದಿದ್ದ ಕಡೆಯಲ್ಲಿ ತಾಮ್ರದ ಬಣ್ಣದ ಮಚ್ಚೆಗಳು, ಅವುಗಳ ನಡುವೆ ಹಿಂದಿಗಿಂತ ಹೆಚ್ಚು ತುಕ್ಕು. ಅದಕ್ಕಿಂತಲೂ ಎದೆ ಧಸಕ್ಕೆಂದದ್ದು ಕೋವಿಯ ನಂಬರನ್ನು ನೋಡಿದಾಗ: ಕೊನೆಯ ಎರಡು ಅಂಕೆಗಳು ಓರೆ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ಸವೆದುಹೋಗಿದ್ದವು.

ಲೈಸನ್ಸ್ ನವೀಕರಣಕ್ಕೆ ಹೋದಾಗ ಪುಸ್ತಕದ ನಂಬರಿಗೂ ಕೋವಿಯ ನಂಬರಿಗೂ ತಾಳೆ ನೋಡುತ್ತಾರೆಂಬುದು ನಿಮಗೆಲ್ಲ ಗೊತ್ತು. 1959ರ ಆಯುಧ ಕಾಯ್ದೆಯ 8ನೇ ಕಲಮಿನ ಪ್ರಕಾರ ಗುರುತಿನ ಸಂಖ್ಯೆಯನ್ನು ಅಳಿಸುವುದು ಅಪರಾಧ. ಉಜ್ಜಿ ಎಂದವನು ಇದರ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ.

ಕೇಳಿದ್ದಕ್ಕೆ ಮೊದಲು "ನೀವು ಜಿಡ್ಡು ಸರಿಯಾಗಿ ತೆಗೆದಿಲ್ಲ" ಎಂದ. ಆಮೇಲೆ "ನಿಮ್ಮೂರಿನ ಮಳೆಗೆ ನಾವೇನು ಮಾಡೋಣ ಸರ್?" ಎಂದ. ಮಳೆಯ ವಿಷಯ ಮೊದಲೇ ಹೇಳಿದ್ದೆನಲ್ಲ! ನಂಬರಿನ ಫೋಟೋ ಕಳುಹಿಸಿದಾಗ ಬಂದ ಉತ್ತರವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ: "ಇನ್ನೊಂದು ಬಾಟಲಿ ತೆಗೆದುಕೊಳ್ಳಿ, ಅರ್ಧ ಬೆಲೆಗೆ ಕೊಡುತ್ತೇವೆ." ಹಣ ಕೇಳಿದ ಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದ.

ಕೋವಿ ರಿಪೇರಿಯವರ ಮುಂದೆ ಅದನ್ನು ಬಿಚ್ಚಿಡಲು ನನಗೆ ನಾಚಿಕೆಯಾಯಿತು. ನಿಜವಾದ ನೀಲಿ ಬಣ್ಣವೆಂದರೆ ಉಕ್ಕಿನ ಮೇಲ್ಮೈಯೇ ಕಪ್ಪು ಆಕ್ಸೈಡ್ ಆಗಿ ಮಾರ್ಪಡುವುದು, ಈ ಬಾಟಲಿಯದ್ದು ತಾಮ್ರ ಮತ್ತು ಸೆಲೆನಿಯಮ್ ಸೇರಿದ ತೆಳುಪದರ ಮಾತ್ರ ಎಂದು ಅವರು ವಿವರಿಸಿದರು. ಜೋಡುನಳಿಗೆಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಬಣ್ಣ ಕೊಡುವಂತೆಯೂ ಇಲ್ಲ, ನಳಿಗೆಗಳನ್ನು ಕೂಡಿಸಿದ ಬೆಸುಗೆಯನ್ನು ಅದು ತಿನ್ನುತ್ತದಂತೆ.

ತುಕ್ಕು ಕಂಡರೆ ಎಣ್ಣೆ ಹಚ್ಚಿ ಒರೆಸಿ, ಪರವಾನಗಿ ಇರುವ ರಿಪೇರಿಯವರಲ್ಲೇ ಕೊಡಿ, ನಂಬರಿನ ಹತ್ತಿರ ಎಮರಿ ಕಾಗದ ತಾಗಿಸಲೇಬೇಡಿ. ಬಾಟಲಿಯನ್ನು ಈಗಾಗಲೇ ತರಿಸಿಕೊಂಡವರು ಬರಿಗೈಯಲ್ಲಿ ಮುಟ್ಟಬೇಡಿ, ಅದು ವಿಷ; ತೋಡಿಗೋ ಬಾವಿಯ ಬಳಿಯೋ ಸುರಿಯಲೂ ಬೇಡಿ.